ರೋ ಹೌಸ್ ಲೇಔಟಿನ ಒಳರಸ್ತೆ ಕಿತ್ತು ಹೋಗಿದೆ, ರಿಪೇರಿ ದುಡ್ಡು ಯಾರು ಹಾಕಬೇಕು? (ಬಳ್ಳಾರಿ)

ಮೂರನೇ_ಕ್ರಾಸ್ (ಪ್ರಶ್ನೆ ಹಾಕಿದವರು)
ಎಲ್ಲರಿಗೂ ನಮಸ್ಕಾರ. ನಮ್ಮದು ಸಿರುಗುಪ್ಪ ರಸ್ತೆ ಕಡೆ 44 ಮನೆಗಳ ಲೇಔಟ್. ಎಲ್ಲವೂ ಗೋಡೆಗೆ ಗೋಡೆ ಅಂಟಿದ ರೋ ಹೌಸ್. ಮುಂದೆ ಗೇಟು, ಒಬ್ಬ ವಾಚ್‌ಮನ್. 2021ರ ನವೆಂಬರ್‌ನಲ್ಲಿ ಕೀಲಿ ಕೊಟ್ಟರು. ಆಗ ಒಳಗಿನ ಪೇವರ್ ರಸ್ತೆ ಎಷ್ಟು ಚೆನ್ನಾಗಿತ್ತು ಅಂದರೆ ಗೃಹಪ್ರವೇಶದ ಊಟಕ್ಕೆ ಅಲ್ಲೇ ಪಂಕ್ತಿ ಹಾಕಿದ್ದೆವು. ಈಗ ನಮ್ಮ ಕ್ರಾಸಿನಲ್ಲಿ ಮೊಣಕಾಲುದ್ದ ತಗ್ಗು. ಹೋದ ಮಳೆಗಾಲದಲ್ಲಿ ಹಾಲಿನ ಹುಡುಗ ಕ್ಯಾನ್ ಸಮೇತ ಬಿದ್ದ.

ಅಸೋಸಿಯೇಷನ್‌ನವರು ಒಬ್ಬ ಕಾಂಟ್ರಾಕ್ಟರನ್ನು ಕರೆಸಿದರು. ಪೂರ್ತಿ ಕಾಂಕ್ರೀಟ್ ಹಾಕಲು 14 ಲಕ್ಷ ಅಂದ. ಮನೆಗೆ 32 ಸಾವಿರ, ತಿಂಗಳ ಕೊನೆಯೊಳಗೆ ಕೊಡಿ ಅಂತ ವಾಟ್ಸಾಪಿನಲ್ಲಿ ಬಂತು. ಏಪ್ರಿಲ್‌ನಲ್ಲೇ 5% ರಿಯಾಯಿತಿ ಸಿಗುತ್ತೆ ಅಂತ ಆಸ್ತಿ ತೆರಿಗೆ ಕಟ್ಟಿದ್ದೇನೆ. ತಿಂಗಳಿಗೆ 500 ಮೆಂಟೆನೆನ್ಸ್ ಬೇರೆ. ಇನ್ನೂ 32 ಸಾವಿರ ಯಾಕೆ? ಬಿಲ್ಡರ್ ಹಾಕಬೇಕಾ, ಕಾರ್ಪೊರೇಷನ್ ಹಾಕಬೇಕಾ, ನಾವೇ ಹಾಕಬೇಕಾ? ನಾವೇ ಅಂದರೆ ಎಲ್ಲರೂ ಸಮನಾಗಿ ಕೊಡಬೇಕಾ? ಮೊದಲನೇ ಕ್ರಾಸಿನವರು "ನಮ್ಮ ರಸ್ತೆ ಚೆನ್ನಾಗೇ ಇದೆ" ಅಂತಿದ್ದಾರೆ.

ಕೌಲ್‌ಬಜಾರ್_ಹುಡುಗ
ಗೇಟ್ ಹಾಕಿ ವಾಚ್‌ಮನ್ ಇಟ್ಟಿದ್ದೀರಲ್ವಾ? ಹಾಗಾದರೆ ದುಡ್ಡೂ ನೀವೇ ಹಾಕಿ. ಮುಗೀತು.

ಮಿರ್ಚಿ_ಒಗ್ಗರಣೆ
ಇದೆಂಥ ನ್ಯಾಯ ಅಣ್ಣ? ಗೇಟ್ ಇದ್ದವರಿಗೆ ತೆರಿಗೆ ಕಡಿಮೆ ಮಾಡಿದ್ದಾರಾ? ಎಲ್ಲರಷ್ಟೇ ಕಟ್ಟುತ್ತಾರೆ. ಬೀದಿ ದೀಪದ ಬಿಲ್ ಅವರದ್ದೇ, ಕಸ ಗುಡಿಸೋದು ಅವರದ್ದೇ, ಈಗ ರಸ್ತೆಯೂ ಅವರದ್ದೇ. ಒಂದೇ ಸೇವೆಗೆ ಎರಡು ಸಲ ದುಡ್ಡು.

ಕೌಲ್‌ಬಜಾರ್_ಹುಡುಗ
ತೆರಿಗೆ ಕಟ್ಟೋದು ನಿಮ್ಮ ಮನೆ ಮುಂದಿನ ಹತ್ತು ಮೀಟರ್‌ಗಲ್ಲ ಅಕ್ಕಾ, ಇಡೀ ಊರಿಗೆ. ಅವರು ಗೇಟ್ ದಾಟಿ ಹೊರಗೆ ಬಂದ ಮೇಲೆ ರಾಯಲ್ ಸರ್ಕಲ್‌ವರೆಗೆ ಓಡಾಡೋದು ಯಾರ ರಸ್ತೆ ಮೇಲೆ? ನಮ್ಮ ಗಲ್ಲಿಯ ಮಕ್ಕಳು ಅವರ ಪಾರ್ಕಿನಲ್ಲಿ ಆಡಲು ಹೋದರೆ ವಾಚ್‌ಮನ್ ಓಡಿಸ್ತಾನೆ. ರಸ್ತೆ ರಿಪೇರಿಗೆ ಮಾತ್ರ ನಮ್ಮ ದುಡ್ಡು ಬೇಕು!

ದಾಖಲೆ_ತೋರಿಸಿ
ಜಗಳ ಆಮೇಲೆ ಆಡಿ. ಇದು ಅಭಿಪ್ರಾಯದ ಪ್ರಶ್ನೆಯೇ ಅಲ್ಲ, ಕಾಗದದ ಪ್ರಶ್ನೆ. ನಾನು ಆಸ್ತಿ ಪತ್ರಗಳ ಕೆಲಸದಲ್ಲೇ ಇದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂರನೇ ಕ್ರಾಸಿನವರೇ, ನಿಮ್ಮ ಪ್ಲಾನ್ ಯಾವ ಥರ ಮಂಜೂರಾಗಿದೆ ನೋಡಿ. ಮಾಮೂಲಿ ಸೈಟ್ ಲೇಔಟ್ ಆಗಿದ್ದರೆ ರಸ್ತೆ, ಪಾರ್ಕು, ಸಿಎ ಸೈಟುಗಳನ್ನು (ಸಾರ್ವಜನಿಕ ಸೌಕರ್ಯಕ್ಕೆ ಮೀಸಲಿಟ್ಟ ಜಾಗ) ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟು ರಿಜಿಸ್ಟರ್ ಮಾಡಿಸಿರಬೇಕು. ಬಿಟ್ಟುಕೊಟ್ಟ ಮೇಲೆ ರಸ್ತೆ ಬಿಲ್ಡರ್‌ದೂ ಅಲ್ಲ, ನಿಮ್ಮದೂ ಅಲ್ಲ. ಪ್ರಾಧಿಕಾರದಿಂದ ಕಾರ್ಪೊರೇಷನ್‌ಗೆ ಹಸ್ತಾಂತರ ಆದರೆ ರಿಪೇರಿ ಅವರ ಪಾಲಿಗೆ ಬರುತ್ತದೆ.

ಇಡೀ ಜಾಗ ಒಂದೇ ಪ್ಲಾಟು ಅಂತ ತೋರಿಸಿ ಅದರೊಳಗೆ ರೋ ಹೌಸ್ ಕಟ್ಟಿದ್ದರೆ ಕಥೆಯೇ ಬೇರೆ. ಆಗ ಒಳಗಿನ ದಾರಿ ರಸ್ತೆಯೇ ಅಲ್ಲ, ಅಪಾರ್ಟ್‌ಮೆಂಟಿನ ಲಿಫ್ಟ್ ಇದ್ದ ಹಾಗೆ ಕಾಮನ್ ಏರಿಯಾ. ಅದನ್ನು ಮನೆ ಮಾಲೀಕರೇ ನೋಡಿಕೊಳ್ಳಬೇಕು. ಕಾರ್ಪೊರೇಷನ್ ಎಂಜಿನಿಯರ್ ಮನಸ್ಸು ಮಾಡಿದರೂ ಅಲ್ಲಿ ಬಿಲ್ ಹಾಕಲು ಬರುವುದಿಲ್ಲ.

ನಿಮ್ಮ ಸೇಲ್ ಡೀಡಿನ ಕೊನೆಯಲ್ಲಿ ಶೆಡ್ಯೂಲ್, ಅಂದರೆ ಆಸ್ತಿಯ ವಿವರ, ಇರುತ್ತೆ. ಅದನ್ನು ಓದಿ ಬಂದು ಹೇಳಿ.

ಮೂರನೇ_ಕ್ರಾಸ್
ಮೇಡಂ, ಸೇಲ್ ಡೀಡ್ ಬ್ಯಾಂಕಿನಲ್ಲಿದೆ. ಲೋನ್.

ದಾಖಲೆ_ತೋರಿಸಿ
ಜೆರಾಕ್ಸ್ ಕೂಡ ಇಟ್ಟುಕೊಂಡಿಲ್ವಾ? ಸರಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಪ್ಲಾನ್ ಪ್ರತಿ ಬೇಕೆಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಪ್ರತಿಯ ಖರ್ಚು ಬೇರೆ.

ನಿವೃತ್ತ_ಜೆಇ
ಕಾಗದದ ವಿಷಯ ಮೇಡಂ ಹೇಳಿದ್ದಾರೆ. ನಾನು ರಸ್ತೆಯ ವಿಷಯ ಹೇಳುತ್ತೇನೆ.

ಆ ಕಡೆ ಎಲ್ಲಾ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಕೆಳಗಿನ ಎರೆ ತೆಗೆದು, ಗರಸು (ಗ್ರಾವೆಲ್) ಹಾಕಿ, ನೀರು ಹೊಡೆದು ರೋಲರ್ ಓಡಿಸದೆ ಮೇಲೆ ಏನು ಹಾಸಿದರೂ ನಿಲ್ಲಲ್ಲ. ನಿಮ್ಮ ಬಿಲ್ಡರ್ ಎರೆ ಮೇಲೆ ಒಂದಿಷ್ಟು ಡಸ್ಟ್ ಚೆಲ್ಲಿ ಬ್ಲಾಕ್ ಜೋಡಿಸಿರಬೇಕು. ಒಂದು ಬ್ಲಾಕ್ ಎತ್ತಿ ನೋಡಿ, ಗೊತ್ತಾಗುತ್ತೆ. ಹಾಗೇ ಅದರ ದಪ್ಪ ಅಳೆಯಿರಿ. 60 ಎಂಎಂ ಇದ್ದರೆ ಅದು ಕಾರು ಬೈಕಿಗೆ ಮಾತ್ರ. ಲಾರಿ ಓಡಾಡುವ ಕಡೆ 80 ಅಥವಾ 100 ಎಂಎಂ ಬೇಕು.

ರಸ್ತೆ ಒಟ್ಟು ಎಷ್ಟು ಉದ್ದ, ಎಷ್ಟು ಅಗಲ?

ಮೂರನೇ_ಕ್ರಾಸ್
ಸರ್, ಮೇನ್ ಬಿಟ್ಟು ಮೂರು ಕ್ರಾಸ್ ಸೇರಿ 320 ಮೀಟರ್, 5 ಮೀಟರ್ ಅಗಲ. ಕಾಂಟ್ರಾಕ್ಟರ್ ಆರು ಇಂಚು ಕಾಂಕ್ರೀಟ್ ಅಂದಿದ್ದಾನೆ. ಬ್ಲಾಕ್ ಅಳೆದೆ, 60 ಇದೆ.

ನಿವೃತ್ತ_ಜೆಇ
320 ಗುಣಿಸು 5 ಗುಣಿಸು 0.15. ಸುಮಾರು 240 ಕ್ಯೂಬಿಕ್ ಮೀಟರ್ ಕಾಂಕ್ರೀಟ್. ಅವನ ರೇಟು ಅನ್ಯಾಯ ಅಂತ ಹೇಳಲ್ಲ, ಆದರೆ ಕೊಟೇಷನ್‌ನಲ್ಲಿ ಎರೆ ತೆಗೆಯೋದು, ಗರಸು, ಚರಂಡಿ ಇದೆಯಾ ನೋಡಿ. ಇರಲ್ಲ. ಅವಿಲ್ಲದೆ ಕಾಂಕ್ರೀಟ್ ಹಾಕಿದರೆ ಅದೂ ಬಿರಿಯುತ್ತದೆ. ನಾಲ್ಕು ನಾಲ್ಕೂವರೆ ಮೀಟರ್‌ಗೊಂದು ಜಾಯಿಂಟ್ ಕಟ್ ಮಾಡಬೇಕು, ಕನಿಷ್ಠ ಎರಡು ವಾರ ನೀರು ಕಟ್ಟಬೇಕು.

ನನ್ನನ್ನು ಕೇಳಿದರೆ ಪೂರ್ತಿ ಕಾಂಕ್ರೀಟೇ ಬೇಡ. ಕುಸಿದ ಕಡೆ ಮಾತ್ರ ಬ್ಲಾಕ್ ಎತ್ತಿಟ್ಟು, ಕೆಳಗಿನ ಬೇಸ್ ಸರಿ ಮಾಡಿ, ಅವೇ ಬ್ಲಾಕ್ ವಾಪಸ್ ಜೋಡಿಸಿ. ಪೇವರ್‌ನ ಲಾಭವೇ ಅದು. ಖರ್ಚು ಎಷ್ಟೋ ಕಡಿಮೆ ಆಗುತ್ತೆ.

ಮಿರ್ಚಿ_ಒಗ್ಗರಣೆ
ಎರಡು ವಾರ ನೀರು ಕಟ್ಟಬೇಕಾ ಸರ್? ಬಳ್ಳಾರಿ ಬೇಸಿಗೆಯಲ್ಲಿ? ನಮ್ಮನೆಗೆ ಕುಡಿಯೋ ನೀರು ಬಂದ ದಿನ ನಾವು ಹಬ್ಬ ಮಾಡ್ತೀವಿ 😄

ಎರೆಹೊಲ
ಆ ಕಡೆಯ ಜಮೀನೆಲ್ಲಾ ಮೊದಲು ಕಾಲುವೆ ನೀರಿನ ಭತ್ತದ ಗದ್ದೆ. ನಮ್ಮ ಮಾವನವರದ್ದೂ ಎರಡು ಎಕರೆ ಇತ್ತು, ಮಾರಿದರು. ಗದ್ದೆಯಲ್ಲಿ ನೀರು ನಿಲ್ಲಲಿ ಅಂತಲೇ ನಾವು ಬದು ಕಟ್ಟುತ್ತಿದ್ದೆವು. ಈಗ ಅದರ ಮೇಲೆ ಮನೆ ಕಟ್ಟಿ, ನೀರು ನಿಲ್ಲುತ್ತೆ ಅಂತ ಗೋಳಾಡಿದರೆ ಹೇಗೆ?

ರಾಯಚೂರು_ಬಿಸಿಲು
ನಮ್ಮ ಲೇಔಟಿನ ಅನುಭವ ಹೇಳ್ತೀನಿ. ನಮ್ಮದು 60 ಮನೆ. ನಾವು ಕಾರ್ಪೊರೇಷನ್‌ನವರೇ ಮಾಡಲಿ ಅಂತ ಹಟ ಹಿಡಿದು ನಾಲ್ಕು ವರ್ಷ ಕೂತೆವು. ಅವರು ಹೇಳಿದ್ದು ಒಂದೇ ಮಾತು: ಚರಂಡಿ, ಚೇಂಬರ್, ದೀಪ, ರಸ್ತೆ ಎಲ್ಲಾ ಸರಿ ಇದ್ದರೆ ಮಾತ್ರ ಹಸ್ತಾಂತರ ಮಾಡಿಕೊಳ್ತೀವಿ. ರಿಪೇರಿ ಆಗದೆ ಹಸ್ತಾಂತರ ಇಲ್ಲ, ಹಸ್ತಾಂತರ ಆಗದೆ ರಿಪೇರಿ ಇಲ್ಲ. ಬಿಲ್ಡರ್ ಅಷ್ಟೊತ್ತಿಗೆ ಎಲ್ಲಾ ಸೈಟ್ ಮಾರಿ, ಫೋನ್ ಎತ್ತೋದು ಬಿಟ್ಟಿದ್ದ.

ಕೊನೆಗೆ ನಾವೇ ದುಡ್ಡು ಹಾಕಿ ಚೇಂಬರ್ ಎತ್ತರಿಸಿ, ಚರಂಡಿ ಸರಿ ಮಾಡಿ, ಹಸ್ತಾಂತರ ಮಾಡಿದೆವು. ಆಮೇಲೆ ಡಾಂಬರ್ ಅವರೇ ಹಾಕಿದರು. ಡಾಂಬರ್ ಬಿದ್ದ ಎರಡನೇ ವಾರಕ್ಕೆ ಎದುರು ಮನೆಯವರು ಮಗಳ ಮದುವೆ ಹಂದರಕ್ಕೆ ಸಲಾಕೆ ತಗೊಂಡು ಹನ್ನೆರಡು ಗುಂಡಿ ತೋಡಿದರು. ಊಟಕ್ಕೆ ಕರೆದಿದ್ದರು, ಹೋಗಿ ಉಂಡು ಬಂದೆವು, ಏನು ಮಾಡೋದು.

ಗಂಗಾವತಿ_ಸೋನಾ
ಹಂದರದ ಗುಂಡಿ 😂 ನಮ್ಮಲ್ಲಿ ನಳದ ಕನೆಕ್ಷನ್‌ಗೆ ಅಗೆದವರು ಮುಚ್ಚೋದೇ ಇಲ್ಲ. ಈಗ ನಮ್ಮ ಸಂಘದ ನಿಯಮ: ರಸ್ತೆ ಅಗೆಯುವ ಮೊದಲು 5 ಸಾವಿರ ಡೆಪಾಸಿಟ್. ಮೊದಲಿದ್ದ ಹಾಗೆ ಮುಚ್ಚಿದರೆ ವಾಪಸ್. ಇಲ್ಲಿಯವರೆಗೆ ಒಬ್ಬರೇ ವಾಪಸ್ ತಗೊಂಡಿದ್ದಾರೆ.

ಖಾಲಿ_ಮನೆ
ನಾನೂ ಇಂಥದ್ದೇ ಒಂದು ಲೇಔಟಿನಲ್ಲಿ ಮನೆ ತಗೊಂಡು ಬೀಗ ಹಾಕಿ ಬೆಂಗಳೂರಿನಲ್ಲಿದ್ದೇನೆ. ವರ್ಷಕ್ಕೆ ಎರಡು ಸಲ ಬರ್ತೀನಿ. ಇಡೀ ವರ್ಷ ಅಲ್ಲಿ ಓಡಾಡುವವರಷ್ಟೇ ನಾನೂ ಕೊಡಬೇಕಾ? ನನ್ನ ಕಾರು ಆ ರಸ್ತೆ ಸವೆಸಿಲ್ಲ.

ಮಿರ್ಚಿ_ಒಗ್ಗರಣೆ
ರಸ್ತೆ ಹಾಳಾಗಿದ್ದರೆ ನಿಮ್ಮ ಮನೆಯ ರೇಟೂ ಬೀಳುತ್ತೆ ಅಲ್ವಾ? ಮಾರುವಾಗ "ನಾನು ಓಡಾಡಿಲ್ಲ" ಅಂತ ಹೇಳಿ ನೋಡಿ.

ಖಾಲಿ_ಮನೆ
ಮಾರೋ ಯೋಚನೆ ಸದ್ಯಕ್ಕಿಲ್ಲ.

ದಾಖಲೆ_ತೋರಿಸಿ
ಕಾಮನ್ ಏರಿಯಾ ಆದರೆ ಬಳಸಿದಷ್ಟು ಲೆಕ್ಕ ಇಲ್ಲ ಸರ್, ಪಾಲು ಇದ್ದಷ್ಟು ಲೆಕ್ಕ. ಮನೆಗೆ ಬೀಗ ಹಾಕಿದರೂ ಪಾಲು ನಿಮ್ಮದೇ.

ಬಾಡಿಗೆ_ಜೀವ
ನಮ್ಮ ಓನರ್ ಹೋದ ವರ್ಷ ಇದೇ ಥರ ರಸ್ತೆ ದುಡ್ಡು ನಮ್ಮ ಹತ್ತಿರ ವಸೂಲಿ ಮಾಡಿದರು. ತಿಂಗಳ ಮೆಂಟೆನೆನ್ಸ್ ನಾವು ಕೊಡೋದು ಸರಿ, ರಸ್ತೆ ಹಾಕಿಸೋದೂ ನಾವಾ? ರಸ್ತೆ ಮುಗಿಯೋ ಹೊತ್ತಿಗೆ ಬಾಡಿಗೆ ಜಾಸ್ತಿ ಮಾಡಿದರು. ಯಾಕೆ ಅಂದರೆ "ಈಗ ರಸ್ತೆ ಚೆನ್ನಾಗಿದೆ ಅಲ್ವಾ" ಅಂದರು.

ಕೌಲ್‌ಬಜಾರ್_ಹುಡುಗ
ಈ ಇಡೀ ಚರ್ಚೆಯಲ್ಲಿ ನಿಮ್ಮದೊಂದೇ ನಿಜವಾದ ಕಷ್ಟ.

ನ್ಯೂಜೆರ್ಸಿಯಿಂದ
ಹುಟ್ಟಿದ್ದು ಸತ್ಯನಾರಾಯಣಪೇಟೆ, ಈಗ ಇರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಟೌನ್‌ಹೌಸಿನಲ್ಲಿ. ನೀವು ರೋ ಹೌಸ್ ಅನ್ನೋದೇ ಇಲ್ಲಿ ಟೌನ್‌ಹೌಸ್. ಜಗಳವೂ ಇದೇ! ಒಳರಸ್ತೆ ಪ್ರೈವೇಟ್, ಅಸೋಸಿಯೇಷನ್‌ಗೆ ಪ್ರತಿ ತಿಂಗಳು ಕಟ್ಟಬೇಕು, ಊರಿನ ತೆರಿಗೆಯೂ ಪೂರ್ತಿ ಕಟ್ಟಬೇಕು. ಎರಡು ಸಲ ಯಾಕೆ ಕಟ್ಟಬೇಕು ಅಂತ ಇಲ್ಲಿಯವರೂ ಕೂಗಾಡಿ, ಈ ರಾಜ್ಯದಲ್ಲಿ ಒಂದು ಕಾನೂನೇ ಬಂತು. ಹಿಮ ತೆಗೆಯೋದು, ಬೀದಿ ದೀಪ, ಕಸ ಒಯ್ಯೋದು ಇಷ್ಟನ್ನು ಊರಿನ ಆಡಳಿತವೇ ಮಾಡಬೇಕು, ಇಲ್ಲವಾದರೆ ಅಸೋಸಿಯೇಷನ್‌ಗೆ ದುಡ್ಡು ವಾಪಸ್ ಕೊಡಬೇಕು. ಆದರೆ ಗಮನಿಸಿ, ಡಾಂಬರ್ ಹಾಕೋದು ಅದರಲ್ಲಿ ಇಲ್ಲ. ಅದು ಮನೆಯವರ ತಲೆ ಮೇಲೇ.

ಅದಕ್ಕೇ ಇಲ್ಲಿ ತಿಂಗಳ ದುಡ್ಡಿನಲ್ಲಿ ಒಂದು ಭಾಗವನ್ನು ಮುಟ್ಟದೆ ಎತ್ತಿಡ್ತಾರೆ. ಇಷ್ಟು ವರ್ಷಕ್ಕೆ ರಸ್ತೆ, ಇಷ್ಟು ವರ್ಷಕ್ಕೆ ಛಾವಣಿ ಅಂತ ಮೊದಲೇ ಲೆಕ್ಕ. ನಮ್ಮ ಬಳ್ಳಾರಿಯಲ್ಲಿ 500 ರೂಪಾಯಿ ವಾಚ್‌ಮನ್ ಸಂಬಳಕ್ಕೇ ಸರಿಹೋಗುತ್ತೆ, ರಸ್ತೆಗೆ ಏನು ಉಳಿಯುತ್ತೆ?

ಗಂಗಾವತಿ_ಸೋನಾ
ಹಿಮ ತೆಗೆಯೋದಾ? ನಮಗೆ ಬಿಸಿಲು ತೆಗೆಯುವ ಕಾನೂನು ಬೇಕು.

ಮೂರನೇ_ಕ್ರಾಸ್
ಒಂದು ವಿಷಯ ಹೇಳೋದು ಮರೆತಿದ್ದೆ. ನಮ್ಮ ಲೇಔಟಿನ ಹಿಂದೆ ಅದೇ ಬಿಲ್ಡರ್ ಎರಡನೇ ಫೇಸ್ ಶುರು ಮಾಡಿದ್ದಾನೆ. ಒಂದು ವರ್ಷದಿಂದ ಅವನ ಟಿಪ್ಪರ್‌ಗಳು ನಮ್ಮ ಮೇನ್ ರಸ್ತೆ, ಮೂರನೇ ಕ್ರಾಸ್ ದಾಟಿಯೇ ಹೋಗ್ತವೆ.

ಮಿರ್ಚಿ_ಒಗ್ಗರಣೆ
ಇದನ್ನ ಈಗ ಹೇಳ್ತೀರಾ?!

ನಿವೃತ್ತ_ಜೆಇ
ಅಯ್ಯೋ ರಾಮಾ. ತುಂಬಿದ ಹತ್ತು ಚಕ್ರದ ಟಿಪ್ಪರ್ ಸುಮಾರು 28 ಟನ್. 60 ಎಂಎಂ ಬ್ಲಾಕ್, ಕೆಳಗೆ ಎರೆ. ಇಷ್ಟು ದಿನ ನಿಂತಿದ್ದೇ ಹೆಚ್ಚು. ಮೊದಲನೇ ಕ್ರಾಸ್ ಯಾಕೆ ಚೆನ್ನಾಗಿದೆ ಅಂತ ಈಗ ಗೊತ್ತಾಯ್ತಲ್ಲ.

ದಾಖಲೆ_ತೋರಿಸಿ
2021ರ ನವೆಂಬರ್‌ನಲ್ಲಿ ಕೀಲಿ ಕೊಟ್ಟರು ಅಂದಿರಿ. 44 ಮನೆ ಅಂದರೆ ಪ್ರಾಜೆಕ್ಟ್ ರೇರಾದಲ್ಲಿ (ಬಿಲ್ಡರ್‌ಗಳ ಮೇಲೆ ನಿಗಾ ಇಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ) ರಿಜಿಸ್ಟರ್ ಆಗಿರಬೇಕು, 8 ಮನೆ ದಾಟಿದರೇ ಕಡ್ಡಾಯ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3) ಓದಿ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು. ನಿಮ್ಮ ಐದು ವರ್ಷ 2026ರ ನವೆಂಬರ್‌ಗೆ ಮುಗಿಯುತ್ತೆ. ವಾಟ್ಸಾಪ್ ಜಗಳ ಬಿಟ್ಟು ಮೊದಲು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಫೋಟೋ, ಅಳತೆ, ಎತ್ತಿದ ಬ್ಲಾಕಿನ ಕೆಳಗೆ ಏನಿದೆ ಅನ್ನೋದರ ವಿಡಿಯೋ ಎಲ್ಲಾ ಇರಲಿ. ಕಾಂಕ್ರೀಟ್ ಹಾಕಿಬಿಟ್ಟರೆ ಸಾಕ್ಷಿಯೇ ಮುಚ್ಚಿ ಹೋಗುತ್ತೆ.

ಇನ್ನೊಂದು. ಕಾಮನ್ ಏರಿಯಾ ಅಸೋಸಿಯೇಷನ್ ಹೆಸರಿಗೆ ರಿಜಿಸ್ಟರ್ ಆಗಿದೆಯಾ? ಸೆಕ್ಷನ್ 17ರ ಪ್ರಕಾರ ಮಾಡಿಕೊಡಬೇಕಾದವನು ಅವನೇ.

ಲೆಕ್ಕದ_ಪುಸ್ತಕ
ಟಿಪ್ಪರ್ ಓಡಿ ಹಾಳಾಗಿದ್ದು ನಿರ್ಮಾಣ ದೋಷ ಹೇಗಾಗುತ್ತೆ ಮೇಡಂ? ಅವನ ವಕೀಲ ಮೊದಲು ಕೇಳೋ ಪ್ರಶ್ನೆಯೇ ಅದು. ಲಾರಿ ಯಾರದ್ದು ಅಂತ ಸಾಬೀತು ಮಾಡಬೇಕಾಗುತ್ತೆ.

ದಾಖಲೆ_ತೋರಿಸಿ
ಸರಿಯಾದ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಬರೆಯಬೇಕು. ಕೆಳಗೆ ಗರಸೇ ಇಲ್ಲ ಅನ್ನೋದು ಕೆಲಸದ ದೋಷ. ಟಿಪ್ಪರ್ ಓಡಿಸಿದ್ದು ಅವನೇ ಮಾಡಿದ ಹಾನಿ. ವಾಚ್‌ಮನ್ ಹತ್ತಿರ ಗೇಟ್ ರಿಜಿಸ್ಟರ್ ಇದೆಯಾ?

ಮೂರನೇ_ಕ್ರಾಸ್
ಇದೆ! ಗಾಡಿ ನಂಬರ್ ಸಮೇತ ಬರೆದಿದ್ದಾನೆ. ನಾವೇ ಅವನಿಗೆ "ಸುಮ್ನೆ ಯಾಕೆ ಪೆನ್ನು ಸವೆಸ್ತೀಯಾ" ಅಂತ ಬೈದಿದ್ದೆವು.

ಲೆಕ್ಕದ_ಪುಸ್ತಕ
ಅವನಿಗೆ ಈ ದೀಪಾವಳಿಗೆ ಒಳ್ಳೆ ಬೋನಸ್ ಕೊಡಿ. ಮತ್ತೆ, ಯಾರಾದರೂ ಜಿಎಸ್‌ಟಿ ಬರುತ್ತೆ ಅಂತ ಹೆದರಿಸಿದರೆ: ಮೆಂಟೆನೆನ್ಸ್ ಮನೆಗೆ ತಿಂಗಳಿಗೆ 7,500 ದಾಟಬೇಕು, ಸಂಘದ ವರ್ಷದ ವಸೂಲಿಯೂ 20 ಲಕ್ಷ ದಾಟಬೇಕು, ಆಗ ಮಾತ್ರ ಆ ಮಾತು. ನಿಮ್ಮದು 14 ಲಕ್ಷ ಸೇರಿಸಿದರೂ 17 ಲಕ್ಷ ಮುಟ್ಟಲ್ಲ.

ಹತ್ತು_ಪೈಸೆ
ನಮ್ಮ ಶಾಸಕರ ಅನುದಾನದಲ್ಲಿ ಕೇಳಿ. ಇಲ್ಲ ಅಂದರೆ ಗಣಿ ನಿಧಿ ಇದೆ. ಬಳ್ಳಾರಿಯಲ್ಲಿ ದುಡ್ಡಿಗೇನು ಬರ?

ನಿವೃತ್ತ_ಜೆಇ
ಸರ್ಕಾರಿ ದುಡ್ಡನ್ನು ಖಾಸಗಿ ಜಾಗದ ಮೇಲೆ ಹಾಕಲು ಬರಲ್ಲ. ಜಿಲ್ಲಾ ಖನಿಜ ನಿಧಿ ಗಣಿಯಿಂದ ತೊಂದರೆಗೆ ಸಿಕ್ಕ ಊರುಗಳಿಗೆ ಅಂತ ಇರೋದು. ಸಂಡೂರು ಕಡೆ ಅದಿರು ಲಾರಿಯ ಕೆಂಪು ಧೂಳು ತಿಂದವರ ಪಾಲಿನದ್ದು. ಗೇಟ್ ಇರುವ ರೋ ಹೌಸಿಗೆ ಅದನ್ನು ಕೇಳಲು ನನಗಂತೂ ಬಾಯಿ ಬರಲ್ಲ.

ಮೂರನೇ_ಕ್ರಾಸ್
(ಮೂರು ವಾರದ ನಂತರ) ಅಪ್‌ಡೇಟ್ ಕೊಡ್ತಿದ್ದೀನಿ. ಪ್ಲಾನ್ ಸಿಕ್ಕಿತು. ಮೇಡಂ ಹೇಳಿದ ಎರಡೂ ಥರ ನಮ್ಮಲ್ಲಿ ಕಲಸಿಕೊಂಡಿದೆ. ಗೇಟಿನಿಂದ ಹಿಂದಿನವರೆಗೆ ಹೋಗುವ 9 ಮೀಟರ್ ಮೇನ್ ರಸ್ತೆಯನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದಾರೆ. ಮೂರೂ ಕ್ರಾಸ್ ಕಾಮನ್ ಏರಿಯಾ. ಅಂದರೆ ಮೇನ್ ನಮ್ಮದಲ್ಲ, ಕ್ರಾಸ್ ನಮ್ಮದು.

ಕೌಲ್‌ಬಜಾರ್_ಹುಡುಗ
ಅಂದರೆ ನಿಮ್ಮ ಗೇಟು ಸಾರ್ವಜನಿಕ ರಸ್ತೆಗೆ ಅಡ್ಡ ಇದೆ 😀

ದಾಖಲೆ_ತೋರಿಸಿ
ಅವರು ನಗ್ತಿದ್ದಾರೆ, ಆದರೆ ಮಾತು ನಿಜ. 2022ರಲ್ಲಿ ಬೆಂಗಳೂರಿನ ಒಂದು ಲೇಔಟಿನ ಕೇಸಿನಲ್ಲಿ ಹೈಕೋರ್ಟ್ ಇದನ್ನೇ ಹೇಳಿತು. ಬಿಟ್ಟುಕೊಟ್ಟ ರಸ್ತೆಯಲ್ಲಿ ಹೊರಗಿನವರನ್ನು ತಡೆಯುವಂತಿಲ್ಲ. ಮೇನ್ ರಸ್ತೆಗೆ ಕಾರ್ಪೊರೇಷನ್ ಹತ್ತಿರ ಧೈರ್ಯವಾಗಿ ಕೇಳಿ, ಆದರೆ ಗೇಟ್ ತೆರೆದಿಡಿ. ಎರಡೂ ಬೇಕು ಅಂದರೆ ಆಗಲ್ಲ.

ಮೂರನೇ_ಕ್ರಾಸ್
ಮೀಟಿಂಗಿನಲ್ಲಿ ಅದೇ ಗಲಾಟೆ. ಅರ್ಧ ಜನ "ಮೇನ್ ರಸ್ತೆಗೂ ನಾವೇ ದುಡ್ಡು ಹಾಕೋಣ, ಗೇಟ್ ಮಾತ್ರ ಇರಲಿ" ಅಂತಿದ್ದಾರೆ! ಮೊದಲು 32 ಸಾವಿರ ಕೊಡಲ್ಲ ಅಂದವರೇ ಇವರು. ನನಗಂತೂ ಗೇಟ್ ಬೇಡ ಅನಿಸಿದೆ, ಹೇಳಿದ್ದಕ್ಕೆ ಪಕ್ಕದ ಮನೆಯ ಆಂಟಿ ಮಾತು ಬಿಟ್ಟಿದ್ದಾರೆ.

ಬಿಲ್ಡರ್‌ಗೆ ನೋಟಿಸ್ ಹೋಯ್ತು. ಗೇಟ್ ರಿಜಿಸ್ಟರಿನ ಜೆರಾಕ್ಸ್ ನೋಡಿ ತಾನೇ ಬಂದ. ಮೂರನೇ ಕ್ರಾಸಿನ ಬ್ಲಾಕ್ ಎತ್ತಿ, ಗರಸು ಹಾಕಿ ಮತ್ತೆ ಜೋಡಿಸಿ ಕೊಡ್ತೀನಿ, ಟಿಪ್ಪರ್‌ಗಳನ್ನು ಹೊಲದ ಕಡೆಯಿಂದ ತಿರುಗಿಸ್ತೀನಿ ಅಂದ. ಎರಡನೇ ಕ್ರಾಸಿನ ಚರಂಡಿ ಮಾತ್ರ ನಾವು ಮಾಡಿಸಬೇಕು. ಮನೆಗೆ 4 ಸಾವಿರ ಬೀಳುತ್ತೆ. ಮೊದಲನೇ ಕ್ರಾಸಿನ ಇಬ್ಬರು ಇನ್ನೂ ಕೊಡಲ್ಲ ಅಂತಲೇ ಇದ್ದಾರೆ.

ದಾಖಲೆ_ತೋರಿಸಿ
ಬಾಯಲ್ಲಿ ಅಂದನಾ, ಬರೆದುಕೊಟ್ಟನಾ?

ಮೂರನೇ_ಕ್ರಾಸ್
ಬಾಯಲ್ಲಿ 😬 ನಾಳೆಯೇ ಬರೆಸಿಕೊಳ್ತೀವಿ ಮೇಡಂ.

ನಿವೃತ್ತ_ಜೆಇ
ಗರಸು ಹಾಕುವ ದಿನ ನೀವೇ ಅಲ್ಲಿ ನಿಂತಿರಿ. ಎರೆ ಎಷ್ಟು ಆಳ ತೆಗೆದರು ಅಂತ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮಣ್ಣು ಮಿಶ್ರ ಗರಸು ತಂದರೆ ಲಾರಿ ಇಳಿಸಲು ಬಿಡಬೇಡಿ. ಬೇಕಿದ್ದರೆ ನನ್ನನ್ನು ಕರೆಯಿರಿ, ಸಂಜೆ ಹೊತ್ತು ಖಾಲಿಯೇ ಇರ್ತೀನಿ.

ಖಾಲಿ_ಮನೆ
ಅಂದ ಹಾಗೆ ಆ ಎರಡನೇ ಫೇಸ್‌ನಲ್ಲಿ ಮನೆ ಎಷ್ಟಕ್ಕೆ ಕೊಡ್ತಿದ್ದಾನೆ? ಪೂರ್ವ ಬಾಗಿಲು ಇದೆಯಾ?